ಗುರುಗಳಿಲ್ಲದ ಇನ್ನೂರು ವರ್ಷ



ಡಿಸೆಂಬರ್ 3 ರಂದು ನಾವು ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬವನ್ನು ಆಚರಿಸುತ್ತೇವೆ. ಗೋವೆಯಲ್ಲಿರುವ ಅವರ ಪವಿತ್ರ ಶರೀರದ ದರ್ಶನಕ್ಕೆ ಬಸ್ಸು ಮಾಡಿಕೊಂಡು ಹೋಗಿ ಬಂದವರು ನಮ್ಮಲ್ಲಿ ಅನೇಕರಿದ್ದೇವೆ. ಆದರೆ ಅದೇ ಗೋವೆಯಿಂದ ಹೊರಟ ಸಂತರು ಜಪಾನಿನಲ್ಲಿ ಬಿತ್ತಿದ ಬೀಜ ಏನಾಯಿತೆಂದು ನಾವು ಕೇಳಿದ್ದು ಕಡಿಮೆ. ಕಿರು ಕ್ರೈಸ್ತ ಸಮುದಾಯದ ಕೂಟ ಏಕೆ ಬೇಕು ಎಂಬ ಪ್ರಶ್ನೆಗೆ ಆ ಚರಿತ್ರೆಯಲ್ಲಿ ಉತ್ತರವಿದೆ.

1549 ರ ಆಗಸ್ಟ್ 15, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ದಿನ, ಸಂತರು ಜಪಾನಿನ ಕಾಗೋಶಿಮಾದಲ್ಲಿ ಇಳಿದರು. ಮುಂದಿನ ಅರವತ್ತು ವರ್ಷಗಳಲ್ಲಿ ಅಲ್ಲಿನ ವಿಶ್ವಾಸಿಗಳ ಸಂಖ್ಯೆ ಸುಮಾರು ಮೂರು ಲಕ್ಷಕ್ಕೆ ಏರಿತೆಂದು ಇತಿಹಾಸಕಾರರ ಅಂದಾಜು. ಇಷ್ಟು ಜನರಿಗೆ ಗುರುಗಳು ಸಾಲುತ್ತಿರಲಿಲ್ಲ. ಹಾಗಾಗಿ ಊರೂರಿನಲ್ಲಿ ಶ್ರೀಸಾಮಾನ್ಯ ವಿಶ್ವಾಸಿಗಳ ಸಣ್ಣ ಸಣ್ಣ ಸಂಘಗಳು ಹುಟ್ಟಿಕೊಂಡವು. ಕೂಡಿ ಜಪಿಸುವುದು, ರೋಗಿಗಳನ್ನು ನೋಡಿಕೊಳ್ಳುವುದು, ಸತ್ತವರನ್ನು ಮಣ್ಣು ಮಾಡುವುದು ಇವುಗಳ ಕೆಲಸವಾಗಿತ್ತು. ಒಳ್ಳೆಯ ದಿನಗಳಲ್ಲಿ ಕಟ್ಟಿದ ಈ ಸಂಘಗಳೇ ಕೆಟ್ಟ ದಿನಗಳಲ್ಲಿ ಕೈಹಿಡಿದವು.

ಆ ಕೆಟ್ಟ ದಿನಗಳು ಬೇಗನೇ ಬಂದವು. 1597 ರ ಫೆಬ್ರವರಿ 5 ರಂದು ನಾಗಸಾಕಿಯಲ್ಲಿ 26 ಮಂದಿಯನ್ನು ಶಿಲುಬೆಗೇರಿಸಲಾಯಿತು. ಅವರಲ್ಲಿ ನಮ್ಮ ದೇಶದ ವಸಾಯಿಯಲ್ಲಿ ಹುಟ್ಟಿದ ಸಂತ ಗೊನ್ಸಾಲೊ ಗಾರ್ಸಿಯಾ ಒಬ್ಬರು. 1614 ರಲ್ಲಿ ಇಡೀ ದೇಶದಲ್ಲಿ ಕ್ರೈಸ್ತ ಧರ್ಮ ನಿಷೇಧವಾಯಿತು. ಗುರುಗಳನ್ನು ಹೊರಗಟ್ಟಿದರು, ದೇವಾಲಯಗಳನ್ನು ಕೆಡವಿದರು. ಅಡಗಿ ಸೇವೆ ಮಾಡುತ್ತಿದ್ದವರಲ್ಲಿ ಕೊನೆಯ ಗುರುಗಳಾದ ಕೊನಿಶಿ ಮಾನ್ಶೊ 1644 ರಲ್ಲಿ ಪ್ರಾಣತೆತ್ತರು. ಅಲ್ಲಿಗೆ ಬಲಿಪೂಜೆ, ಪಾಪನಿವೇದನೆ ಎಲ್ಲವೂ ನಿಂತವು.

ಸರ್ಕಾರವು ಐದೈದು ಮನೆಗಳನ್ನು ಸೇರಿಸಿ ಒಂದೊಂದು ಗುಂಪು ಮಾಡಿತ್ತು. ಒಂದು ಮನೆಯವರ ಮೇಲೆ ಇನ್ನೊಂದು ಮನೆಯವರು ಕಣ್ಣಿಡಬೇಕು. ಒಬ್ಬರು ಸಿಕ್ಕಿಬಿದ್ದರೆ ಗುಂಪಿಗೆಲ್ಲ ಶಿಕ್ಷೆ. ನಾಗಸಾಕಿಯಲ್ಲಿ ಪ್ರತಿವರ್ಷ ಜನರು ಯೇಸುಸ್ವಾಮಿಯ ಇಲ್ಲವೇ ಮರಿಯಮ್ಮನವರ ಚಿತ್ರವನ್ನು ತುಳಿದು ತೋರಿಸಬೇಕಿತ್ತು. ನೆರೆಹೊರೆಯನ್ನೇ ಬೇಹುಗಾರಿಕೆಗೆ ಬಳಸಿದ ಕಾಲವದು.

ಆದರೆ ನಾಗಸಾಕಿಯ ಪಕ್ಕದ ಉರಕಾಮಿ ಎಂಬ ಹಳ್ಳಿಯಲ್ಲಿ ಅದೇ ನೆರೆಹೊರೆ ವಿಶ್ವಾಸದ ಗೂಡಾಯಿತು. ಅಲ್ಲಿ ಮೂರು ಬಗೆಯ ಹೊಣೆಗಾರರಿದ್ದರು. ಒಬ್ಬರು ಹಬ್ಬ, ಉಪವಾಸಗಳ ಪಂಚಾಂಗವನ್ನು ಕಾಪಾಡಿ ದಿನ ಲೆಕ್ಕ ಹಾಕುವವರು. ಇನ್ನೊಬ್ಬರು ಹುಟ್ಟಿದ ಮಕ್ಕಳಿಗೆ ಜ್ಞಾನಸ್ನಾನ ಕೊಡುವವರು. ಮತ್ತೊಬ್ಬರು ಮನೆಮನೆಗೆ ಸುದ್ದಿ ಮುಟ್ಟಿಸುವವರು. ನಮ್ಮ ಕರಾವಳಿಯ ಗುರ್ಕಾರರಂತೆ ಇವರೂ ಸಾಮಾನ್ಯ ಸಂಸಾರಿಗಳೇ. ಜಪಗಳನ್ನು ತಂದೆ ಮಗನಿಗೆ, ತಾಯಿ ಮಗಳಿಗೆ ಪಿಸುಮಾತಿನಲ್ಲಿ ಬಾಯಿಪಾಠ ಮಾಡಿಸಿದರು.

ಇವರೆಲ್ಲ ಧೀರರಾಗಿದ್ದರೆಂದು ನಾವು ಭಾವಿಸಬಾರದು. ಹೆದರಿ ಪವಿತ್ರ ಚಿತ್ರವನ್ನು ತುಳಿದವರೂ ಇದ್ದರು. ಅವರು ಮನೆಗೆ ಬಂದು, ಬಾಗಿಲು ಮುಚ್ಚಿ, ಪಶ್ಚಾತ್ತಾಪದ ಜಪ ಹೇಳುತ್ತಿದ್ದರು. ಬಿದ್ದವರನ್ನು ದೂರ ತಳ್ಳದೆ ಮತ್ತೆ ಎಬ್ಬಿಸಿಕೊಂಡದ್ದರಿಂದಲೇ ಆ ಸಮುದಾಯ ಉಳಿಯಿತು.

1865 ರ ಮಾರ್ಚ್ 17. ವಿದೇಶೀಯರಿಗೆಂದು ನಾಗಸಾಕಿಯ ಔರಾದಲ್ಲಿ ಹೊಸದಾಗಿ ಕಟ್ಟಿದ್ದ ದೇವಾಲಯಕ್ಕೆ ಉರಕಾಮಿಯ ಸುಮಾರು 15 ಮಂದಿ ಬಂದರು. ಫ್ರೆಂಚ್ ಗುರುಗಳಾದ ಫಾದರ್ ಪೆತಿಜಾನ್ ಅಲ್ಲಿ ಪ್ರಾರ್ಥಿಸುತ್ತಿದ್ದರು. ಒಬ್ಬ ಹೆಂಗಸು ಹತ್ತಿರ ಬಂದು, ತಮ್ಮೆಲ್ಲರ ಹೃದಯವೂ ಗುರುಗಳ ಹೃದಯವೂ ಒಂದೇ ಎಂದು ಮೆಲ್ಲನೆ ಹೇಳಿ, ಸಾಂತಾ ಮರಿಯಾರ ಸ್ವರೂಪ ಎಲ್ಲಿದೆ ಎಂದು ಕೇಳಿದಳು. ಈಗ ದುಃಖದ ಕಾಲದ ಹದಿನೇಳನೆಯ ದಿನವೆಂದೂ ಅವರು ತಿಳಿಸಿದರು. ಆ ವರ್ಷದ ವಿಭೂತಿ ಬುಧವಾರ ಮಾರ್ಚ್ 1 ರಂದು ಬಂದಿತ್ತು. ಗುರುಗಳಿಲ್ಲದೆ ಇನ್ನೂರು ವರ್ಷ ಕಳೆದರೂ ತಪಸ್ಸುಕಾಲದ ಲೆಕ್ಕದಲ್ಲಿ ಒಂದು ದಿನವೂ ತಪ್ಪಿರಲಿಲ್ಲ!

ನಿಷೇಧ ಇನ್ನೂ ತೆಗೆದಿರಲಿಲ್ಲ. 1867 ರಲ್ಲಿ ಮತ್ತೆ ಬಂಧನಗಳು ಶುರುವಾದವು. ಉರಕಾಮಿಯ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ದೂರದ ಪ್ರಾಂತಗಳಿಗೆ ಗಡೀಪಾರು ಮಾಡಲಾಯಿತು. ಅವರಲ್ಲಿ ಆರುನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. 1873 ರಲ್ಲಿ ನಿಷೇಧದ ಫಲಕಗಳು ಇಳಿದಾಗ ಉಳಿದವರು ಊರಿಗೆ ಮರಳಿ ತಮ್ಮ ಧರ್ಮಕೇಂದ್ರವನ್ನು ಕಟ್ಟಿದರು.

ಇನ್ನೊಂದು ಮಾತನ್ನೂ ಹೇಳಬೇಕು. ಇಕಿತ್ಸುಕಿಯಂಥ ದ್ವೀಪಗಳಲ್ಲಿ ಅನೇಕ ಗುಂಪುಗಳು ಧರ್ಮಸಭೆಗೆ ಮರಳದೆ ಹಿರಿಯರ ಆಚರಣೆಗಳಲ್ಲೇ ಉಳಿದುಕೊಂಡವು. ಅಲ್ಲಿ ಜಪದ ಶಬ್ದಗಳು ಉಳಿದವು, ಎಷ್ಟೋ ಶಬ್ದಗಳ ಅರ್ಥ ಮರೆಯಾಯಿತು. ಅವರು ಪಟ್ಟ ಕಷ್ಟವನ್ನು ನಾವು ಗೌರವಿಸುತ್ತೇವೆ. ಆದರೂ ಕಿರು ಸಮುದಾಯವೆಂಬುದು ಕೊಂಬೆ, ಧರ್ಮಸಭೆಯೇ ಮರ ಎಂಬುದನ್ನು ನಾವು ಇಲ್ಲಿ ಕಲಿಯಬೇಕು.

ಇನ್ನು ನಮ್ಮ ವಿಷಯಕ್ಕೆ ಬರೋಣ. ನಮಗೆ ದೇವಾಲಯವಿದೆ, ಗುರುಗಳಿದ್ದಾರೆ, ಪ್ರತಿ ಭಾನುವಾರ ಬಲಿಪೂಜೆಯಿದೆ. ಆದರೂ ವಾರ್ಡಿನ ಕೂಟಕ್ಕೆ ಕರೆದರೆ ನಮಗೆ ಪುರುಸೊತ್ತಿಲ್ಲ. ಹೆಣ್ಣುಮಕ್ಕಳು ಬರುತ್ತಾರೆ, ಗಂಡಸರು ಕಾಣುವುದಿಲ್ಲ. ಕಾಫಿ, ತಿಂಡಿಯ ಖರ್ಚಿಗೆ ಅಂಜಿ ಕೂಟವನ್ನು ತಮ್ಮ ಮನೆಗೆ ಕರೆಯಲು ಹಿಂಜರಿಯುವ ಬಡ ಕುಟುಂಬಗಳೂ ಇವೆ. ಮೂರನೆಯ ಮನೆಯ ಅಜ್ಜಿ ಹಾಸಿಗೆ ಹಿಡಿದ ಸುದ್ದಿ ನಮಗೆ ಮುಟ್ಟುವುದು ಅವರ ಮರಣದ ಗಂಟೆ ಬಾರಿಸಿದಾಗ. ಇಬ್ಬರು ಮೂವರು ತನ್ನ ಹೆಸರಿನಲ್ಲಿ ಕೂಡಿದಲ್ಲಿ ತಾನಿರುವೆನೆಂದು ಪ್ರಭು ಮಾತು ಕೊಟ್ಟಿದ್ದಾರೆ. ಪ್ರಭು ಬಂದು ಕಾಯುತ್ತಿರುವಲ್ಲಿಗೆ ನಾವೇ ಹೋಗದಿದ್ದರೆ ಹೇಗೆ?

ಈ ಹಬ್ಬಕ್ಕೆ ನಾವೊಂದು ನಿರ್ಧಾರ ಮಾಡೋಣ. ಮುಂದಿನ ಕೂಟಕ್ಕೆ ಮನೆಮಂದಿಯೆಲ್ಲ ಹೋಗೋಣ. ಯಾರ ಮನೆಯಲ್ಲೂ ನೀರಿಗಿಂತ ಹೆಚ್ಚಿನ ಸತ್ಕಾರ ಬೇಡವೆನ್ನೋಣ. ದೂರವಾದ ಒಂದು ಕುಟುಂಬವನ್ನು ಜೊತೆಗೆ ಕರೆದೊಯ್ಯೋಣ. ನಮ್ಮ ಮೊಮ್ಮಕ್ಕಳ ಕಾಲದಲ್ಲೂ ಈ ವಿಶ್ವಾಸ ಉಳಿಯಲೆಂದು ಸಂತ ಫ್ರಾನ್ಸಿಸ್ ಕ್ಸೇವಿಯರರ ಬಿನ್ನಹದ ಮೂಲಕ ಪ್ರಭುವಿನಲ್ಲಿ ಬೇಡಿಕೊಳ್ಳೋಣ.