ಡಿಡಬ್ಲ್ಯುಜಿ ಕಡತಗಳ ಆವೃತ್ತಿ ಹೊಂದಾಣಿಕೆ

ಡಿಡಬ್ಲ್ಯುಜಿ ಎಂಬುದು ಆಟೋಕ್ಯಾಡ್ ತಂತ್ರಾಂಶದ ಮೂಲ ಕಡತ ಸ್ವರೂಪವಾಗಿದೆ. ಡ್ರಾಯಿಂಗ್ ಎಂಬ ಇಂಗ್ಲಿಷ್ ಪದದಿಂದ ಈ ಹೆಸರು ಬಂದಿದೆ. ಕಟ್ಟಡ, ರಸ್ತೆ, ಸೇತುವೆ, ಯಂತ್ರಭಾಗ ಮೊದಲಾದವುಗಳ ನಕ್ಷೆಗಳನ್ನು ಗಣಕಯಂತ್ರದಲ್ಲಿ ರಚಿಸಿ ಉಳಿಸಿಡಲು ಬಳಸುವ ಸ್ವರೂಪಗಳಲ್ಲಿ ಇದು ಪ್ರಮುಖವಾದುದು. 1982ರಿಂದ ಈಚೆಗೆ ಈ ಸ್ವರೂಪವು ಹಲವು ಬಾರಿ ಬದಲಾಗಿದೆ. ಹೊಸ ತಂತ್ರಾಂಶವು ಹಳೆಯ ಕಡತವನ್ನು ಸಾಮಾನ್ಯವಾಗಿ ತೆರೆಯಬಲ್ಲದು; ಆದರೆ ಹಳೆಯ ತಂತ್ರಾಂಶವು ತನ್ನ ನಂತರ ಬಂದ ಸ್ವರೂಪವನ್ನು ಓದಲಾರದು. ಆದ್ದರಿಂದ ಬೇರೆ ಬೇರೆ ಆವೃತ್ತಿಗಳನ್ನು ಬಳಸುವವರು ನಕ್ಷೆಗಳನ್ನು ಹಂಚಿಕೊಳ್ಳುವಾಗ ಹೊಸ ಕಡತವನ್ನು ಹಳೆಯ ಸ್ವರೂಪಕ್ಕೆ ಇಳಿಸಬೇಕಾಗುತ್ತದೆ. ಇದು ಬರಿಯ ನಕಲು ಮಾಡುವ ಕೆಲಸವಲ್ಲ, ಒಂದು ಬಗೆಯ ಅನುವಾದ. ನಕ್ಷೆಯ ನೋಟ ಮೊದಲಿನಂತೆಯೇ ಉಳಿದರೂ ಅದರೊಳಗಿನ ಮಾಹಿತಿಯ ಒಂದಂಶ ಕಳೆದುಹೋಗುವ ಸಾಧ್ಯತೆ ಇರುತ್ತದೆ.

ಹಿನ್ನೆಲೆ

ಈ ಸ್ವರೂಪದ ಮೂಲವು 1970ರ ದಶಕದ ಕೊನೆಯಲ್ಲಿ ಮೈಕ್ ರಿಡಲ್ ಅವರು ರಚಿಸಿದ ಇಂಟರ್‌ಆ್ಯಕ್ಟ್ ಎಂಬ ತಂತ್ರಾಂಶದಲ್ಲಿದೆ. ಜಾನ್ ವಾಕರ್ ಮತ್ತು ಸಂಗಡಿಗರು 1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪಿಸಿದ ಆಟೋಡೆಸ್ಕ್ ಸಂಸ್ಥೆಯು ಅದರ ಪರವಾನಗಿಯನ್ನು ಪಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ಆಟೋಕ್ಯಾಡ್‌ನ ಮೊದಲ ಆವೃತ್ತಿಯನ್ನು ಹೊರತಂದಿತು. ಡಿಡಬ್ಲ್ಯುಜಿಯ ಒಳರಚನೆಯ ವಿವರಗಳನ್ನು ಸಂಸ್ಥೆಯು ಸಾರ್ವಜನಿಕವಾಗಿ ಪ್ರಕಟಿಸಲಿಲ್ಲ. ಇತರ ತಂತ್ರಾಂಶಗಳೊಡನೆ ವಿನಿಮಯಕ್ಕಾಗಿ ಡಿಎಕ್ಸ್‌ಎಫ್ ಎಂಬ ಪ್ರತ್ಯೇಕ ಸ್ವರೂಪವನ್ನು ಒದಗಿಸಿ, ಅದರ ವಿವರಗಳನ್ನು ಮಾತ್ರ ಪ್ರಕಟಿಸಿತು.

ಆವೃತ್ತಿಯನ್ನು ಗುರುತಿಸುವ ಬಗೆ

ತಂತ್ರಾಂಶದ ಆವೃತ್ತಿ ಮತ್ತು ಕಡತ ಸ್ವರೂಪದ ಆವೃತ್ತಿ ಒಂದೇ ಅಲ್ಲ. ವಿದ್ಯಾರ್ಥಿಗಳಲ್ಲಿ ಉಂಟಾಗುವ ಗೊಂದಲಕ್ಕೆ ಮುಖ್ಯ ಕಾರಣವೇ ಇದು. ತಂತ್ರಾಂಶವು ಪ್ರತಿವರ್ಷ ಹೊಸ ಇಸವಿಯ ಹೆಸರಿನಲ್ಲಿ ಬಂದರೂ ಕಡತ ಸ್ವರೂಪ ಪ್ರತಿವರ್ಷ ಬದಲಾಗುವುದಿಲ್ಲ. 2004, 2005 ಮತ್ತು 2006ರ ಆಟೋಕ್ಯಾಡ್‌ಗಳು ಒಂದೇ ಸ್ವರೂಪವನ್ನು ಬಳಸುತ್ತವೆ. 2007ರಿಂದ 2009ರವರೆಗೆ ಮತ್ತೊಂದು, 2010ರಿಂದ 2012ರವರೆಗೆ ಇನ್ನೊಂದು ಸ್ವರೂಪ ಬಳಕೆಯಲ್ಲಿತ್ತು. 2013ರ ಸ್ವರೂಪವು 2017ರವರೆಗೆ, ಅಂದರೆ ಐದು ಆವೃತ್ತಿಗಳ ಕಾಲ ಮುಂದುವರಿಯಿತು. 2018ರಲ್ಲಿ ಬಂದ ಸ್ವರೂಪ ಅದಕ್ಕಿಂತಲೂ ಹೆಚ್ಚು ಆವೃತ್ತಿಗಳಲ್ಲಿ ಉಳಿದುಕೊಂಡಿದೆ. ಆದ್ದರಿಂದ 2024ರ ತಂತ್ರಾಂಶದಲ್ಲಿ ಉಳಿಸಿದ ಸಾಧಾರಣ ನಕ್ಷೆಯನ್ನು 2018ರ ತಂತ್ರಾಂಶದಲ್ಲಿ ತೆರೆಯಬಹುದು. ಆದರೆ 2017ರದರಲ್ಲಿ ತೆರೆಯಲು ಆಗದು.

ಕಡತವು ಯಾವ ಸ್ವರೂಪದ್ದೆಂದು ತಿಳಿಯಲು ಆಟೋಕ್ಯಾಡ್ ಇರಲೇಬೇಕೆಂದಿಲ್ಲ. ನೋಟ್‌ಪ್ಯಾಡ್‌ನಂತಹ ಸರಳ ಪಠ್ಯ ತಂತ್ರಾಂಶದಲ್ಲಿ ತೆರೆದರೆ ಮೊದಲ ಆರು ಅಕ್ಷರಗಳಲ್ಲಿ ಅದರ ಗುರುತು ಕಾಣಿಸುತ್ತದೆ. ಎಸಿ1009 ಎಂದಿದ್ದರೆ ಅದು ಆರ್12ರ ಕಾಲದ್ದು, ಎಸಿ1015 ಎಂದಿದ್ದರೆ 2000ದ ಸ್ವರೂಪದ್ದು, ಎಸಿ1021 ಎಂದಿದ್ದರೆ 2007ರದು, ಎಸಿ1032 ಎಂದಿದ್ದರೆ 2018ರದು. ಉಳಿದ ಭಾಗ ಅರ್ಥವಾಗದ ಸಂಕೇತಗಳಿಂದ ತುಂಬಿರುತ್ತದೆ. ಹೀಗೆ ತೆರೆದ ಕಡತವನ್ನು ಮರಳಿ ಉಳಿಸದೆ ಮುಚ್ಚಬೇಕು. ಉಳಿಸಿದರೆ ನಕ್ಷೆ ಕೆಡುತ್ತದೆ.

ಹಳೆಯ ಸ್ವರೂಪಕ್ಕೆ ಇಳಿಸಿದಾಗ ಆಗುವ ಬದಲಾವಣೆಗಳು

ಆಟೋಕ್ಯಾಡ್‌ನ ಸೇವ್ ಆ್ಯಸ್ ಆದೇಶದಲ್ಲಿ ಹಳೆಯ ಸ್ವರೂಪವನ್ನು ಆಯ್ದುಕೊಳ್ಳಲು ಅವಕಾಶವಿದೆ. ತಂತ್ರಾಂಶವನ್ನು ಕೊಳ್ಳದವರು ಆಟೋಡೆಸ್ಕ್ ಉಚಿತವಾಗಿ ನೀಡುವ ಡಿಡಬ್ಲ್ಯುಜಿ ಟ್ರೂವ್ಯೂ ಮೂಲಕ ಅನೇಕ ಕಡತಗಳನ್ನು ಒಟ್ಟಿಗೆ ಪರಿವರ್ತಿಸಬಹುದು. ಆದರೆ ಹಳೆಯ ಸ್ವರೂಪಕ್ಕೆ ಗೊತ್ತೇ ಇಲ್ಲದ ವಸ್ತುವೊಂದು ನಕ್ಷೆಯಲ್ಲಿದ್ದರೆ, ಅದನ್ನು ಆ ಸ್ವರೂಪಕ್ಕೆ ಗೊತ್ತಿರುವ ವಸ್ತುಗಳಿಂದ ಕಟ್ಟಿಕೊಡಬೇಕಾಗುತ್ತದೆ.

ಇದಕ್ಕೆ ದೀರ್ಘವೃತ್ತವು ಒಳ್ಳೆಯ ಉದಾಹರಣೆ. ಆರ್13ಕ್ಕೆ ಮೊದಲು ಆಟೋಕ್ಯಾಡ್‌ನಲ್ಲಿ ನಿಜವಾದ ದೀರ್ಘವೃತ್ತ ಇರಲಿಲ್ಲ. ಸಣ್ಣ ಸಣ್ಣ ಕಂಸಗಳನ್ನು ಜೋಡಿಸಿ ಅದರ ಆಕಾರವನ್ನು ತರಲಾಗುತ್ತಿತ್ತು. ಇಂದಿನ ನಕ್ಷೆಯೊಂದನ್ನು ಆರ್12 ಸ್ವರೂಪಕ್ಕೆ ಇಳಿಸಿದಾಗ ದೀರ್ಘವೃತ್ತಗಳೂ ಸ್ಪ್ಲೈನ್ ವಕ್ರರೇಖೆಗಳೂ ಮತ್ತೆ ತುಂಡುಗಳ ಸರಪಳಿಯಾಗುತ್ತವೆ. ಕಾಗದದ ಮೇಲೆ ಮುದ್ರಿಸಿದರೆ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಆದರೆ ಅದರ ಅಕ್ಷಗಳನ್ನು ಕೇಳಿದರೆ ತಂತ್ರಾಂಶದ ಬಳಿ ಉತ್ತರವಿಲ್ಲ, ಏಕೆಂದರೆ ಅಲ್ಲೀಗ ದೀರ್ಘವೃತ್ತವೇ ಇಲ್ಲ. ಘನಾಕೃತಿಗಳ ಸ್ಥಿತಿ ಇನ್ನೂ ಕಷ್ಟದ್ದು: ಅವು ತಮ್ಮ ಗಾತ್ರವನ್ನು ಕಳೆದುಕೊಂಡು ಅಂಚಿನ ಗೆರೆಗಳಾಗಿ ಉಳಿಯುತ್ತವೆ. ಕಡತವನ್ನು ಮತ್ತೆ ಹೊಸ ಸ್ವರೂಪಕ್ಕೆ ಏರಿಸಿದರೆ ಗೆರೆಗಳು ಗೆರೆಗಳಾಗಿಯೇ ಇರುತ್ತವೆ.

ಸಮೀಪದ ಆವೃತ್ತಿಗಳ ನಡುವೆ ಇಷ್ಟು ನಷ್ಟವಾಗುವುದಿಲ್ಲ. 2006ರಲ್ಲಿ ಬಂದ ಡೈನಮಿಕ್ ಬ್ಲಾಕ್‌ಗಳು 2004ರ ತಂತ್ರಾಂಶದಲ್ಲಿ ಸಾಮಾನ್ಯ ಬ್ಲಾಕ್‌ಗಳಂತೆ ಕಾಣುತ್ತವೆ. 2008ರಲ್ಲಿ ಬಂದ, ಅಳತೆಪ್ರಮಾಣಕ್ಕೆ ತಕ್ಕಂತೆ ತಾವೇ ಹಿಗ್ಗಿ ಕುಗ್ಗುವ ಟಿಪ್ಪಣಿಗಳ ನೋಟವನ್ನು ಹಳೆಯ ಆವೃತ್ತಿಗಳಲ್ಲಿಯೂ ಉಳಿಸಲು ಪ್ರತ್ಯೇಕ ಆಯ್ಕೆಯಿದೆ.

ಅಳತೆಯ ಮಾನದ ಸಮಸ್ಯೆ

ನೋಟದಲ್ಲಿ ತಿಳಿಯದೆ ಕೆಲಸದಲ್ಲಿ ನಷ್ಟ ತರುವ ದೋಷವೆಂದರೆ ಅಳತೆಯ ಮಾನಕ್ಕೆ ಸಂಬಂಧಿಸಿದ್ದು. ಆಟೋಕ್ಯಾಡ್‌ನಲ್ಲಿ ಗೆರೆಯ ಉದ್ದವು ಬರಿಯ ಸಂಖ್ಯೆ. 100 ಎಂದರೆ 100 ಮಿಲಿಮೀಟರೋ 100 ಅಂಗುಲವೋ ಎಂಬುದನ್ನು ಬೇರೆಯಾಗಿ ಹೇಳಬೇಕು. ಹಾಗೆ ಹೇಳುವ ಅಂಶವು 2000ದ ಸ್ವರೂಪದಿಂದೀಚೆಗೆ ಕಡತದಲ್ಲಿ ಸೇರಿತು. ಲೋಹದ ತಗಡನ್ನು ಲೇಸರ್‌ನಿಂದ ಕತ್ತರಿಸುವ ಕಾರ್ಯಾಗಾರಗಳಲ್ಲಿ ಇಂದಿಗೂ ಆರ್12 ಡಿಎಕ್ಸ್‌ಎಫ್ ಕಡತಗಳನ್ನು ಕೇಳುವುದುಂಟು, ಏಕೆಂದರೆ ಅದು ಸರಳವಾದ ಸ್ವರೂಪ, ಬಹುತೇಕ ಎಲ್ಲ ಯಂತ್ರಗಳ ತಂತ್ರಾಂಶಗಳೂ ಓದುತ್ತವೆ. ಆದರೆ ಅದರಲ್ಲಿ ಈ ಮಾಹಿತಿ ಇರುವುದಿಲ್ಲ. ಮಿಲಿಮೀಟರಿನಲ್ಲಿ ಬರೆದ ನಕ್ಷೆಯನ್ನು ಅತ್ತ ಕಡೆಯವರು ಅಂಗುಲವೆಂದು ಓದಿಕೊಂಡರೆ ವಸ್ತುವು 25.4 ಪಟ್ಟು ದೊಡ್ಡದಾಗುತ್ತದೆ. ಇಷ್ಟು ದೊಡ್ಡ ತಪ್ಪು ಹೇಗೂ ಕಣ್ಣಿಗೆ ಬೀಳುತ್ತದೆ. ಸೆಂಟಿಮೀಟರು ಮತ್ತು ಅಂಗುಲಗಳ ನಡುವಿನ ಗೊಂದಲ ಅಷ್ಟು ಬೇಗ ತಿಳಿಯದು. ಗೊತ್ತಿರುವ ಒಂದು ಉದ್ದವನ್ನು ನಕ್ಷೆಯಲ್ಲಿಯೇ ಬರೆದು ಕಳುಹಿಸುವುದು ಹಳೆಯ, ನಂಬಲರ್ಹ ಪದ್ಧತಿ.

ಕನ್ನಡ ಬರಹವುಳ್ಳ ನಕ್ಷೆಗಳು

2007ರ ಸ್ವರೂಪದಿಂದ ಡಿಡಬ್ಲ್ಯುಜಿ ಕಡತಗಳಲ್ಲಿ ಪಠ್ಯವು ಯೂನಿಕೋಡ್‌ನಲ್ಲಿ ಉಳಿಯತೊಡಗಿತು. ಅದಕ್ಕೆ ಮೊದಲು ಪಠ್ಯವು ವಿಂಡೋಸ್‌ನ ಕೋಡ್ ಪೇಜ್‌ಗಳನ್ನು ಅವಲಂಬಿಸಿತ್ತು. ಕನ್ನಡಕ್ಕೆ ಅಂತಹ ಕೋಡ್ ಪೇಜ್ ಇರಲಿಲ್ಲ. ಆದ್ದರಿಂದ ಹಳೆಯ ನಕ್ಷೆಗಳಲ್ಲಿ ಊರು, ಕೆರೆ, ಸರ್ವೆ ನಂಬರು ಮೊದಲಾದವನ್ನು ಕನ್ನಡದಲ್ಲಿ ಬರೆಯಬೇಕಾದಾಗ ನುಡಿ, ಬರಹ ಮುಂತಾದವುಗಳ ಯೂನಿಕೋಡ್‌ಪೂರ್ವ ಫಾಂಟ್‌ಗಳೇ ಗತಿಯಾಗಿದ್ದವು. ಇವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗಿರುತ್ತದೆ. ಅದೇ ಫಾಂಟ್ ಇಲ್ಲದ ಗಣಕದಲ್ಲಿ ನಕ್ಷೆಯನ್ನು ತೆರೆದರೆ ಊರಿನ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಕಡತವನ್ನು ಹೊಸ ಸ್ವರೂಪಕ್ಕೆ ಏರಿಸಿದ ಮಾತ್ರಕ್ಕೆ ಇದು ಸರಿಹೋಗದು. ಪಠ್ಯವನ್ನು ಯೂನಿಕೋಡ್‌ಗೆ ಬೇರೆಯಾಗಿ ಪರಿವರ್ತಿಸಬೇಕು. ಆಟೋಕ್ಯಾಡ್‌ನೊಂದಿಗೆ ಬರುವ ಎಸ್‌ಎಚ್‌ಎಕ್ಸ್ ಫಾಂಟ್‌ಗಳಲ್ಲಿಯೂ ಕನ್ನಡ ಇಲ್ಲವಾದ್ದರಿಂದ, ಯೂನಿಕೋಡ್ ಕನ್ನಡಕ್ಕೆ ವಿಂಡೋಸ್‌ನ ಫಾಂಟ್‌ಗಳನ್ನೇ ಬಳಸಬೇಕಾಗುತ್ತದೆ.

ವಿಶೇಷ ವಸ್ತುಗಳು ಮತ್ತು ಸಂಗಡದ ಕಡತಗಳು

ಸಿವಿಲ್ 3ಡಿ, ಆಟೋಕ್ಯಾಡ್ ಆರ್ಕಿಟೆಕ್ಚರ್ ಮುಂತಾದ ತಂತ್ರಾಂಶಗಳು ಡಿಡಬ್ಲ್ಯುಜಿ ಕಡತದಲ್ಲಿಯೇ ತಮ್ಮದೇ ಆದ ವಸ್ತುಗಳನ್ನು ಇಡುತ್ತವೆ: ಗೋಡೆ, ಬಾಗಿಲು, ರಸ್ತೆಯ ಮಧ್ಯರೇಖೆ, ಭೂಮೇಲ್ಮೈ ಇತ್ಯಾದಿ. ಸಾಮಾನ್ಯ ಆಟೋಕ್ಯಾಡ್ ಇವನ್ನು ಪ್ರಾಕ್ಸಿ ವಸ್ತುಗಳಾಗಿ ತೋರಿಸುತ್ತದೆ; ನೋಡಬಹುದು, ತಿದ್ದುವುದು ಕಷ್ಟ. ಕಡತ ಸ್ವರೂಪ ಒಂದೇ ಆಗಿದ್ದರೂ ಈ ವಸ್ತುಗಳ ಒಳರಚನೆ ಬದಲಾಗಿರಬಹುದಾದ್ದರಿಂದ, ಮೇಲೆ ಹೇಳಿದ ಇಸವಿಗಳ ಲೆಕ್ಕ ಇಲ್ಲಿ ಪೂರ್ತಿಯಾಗಿ ಅನ್ವಯಿಸುವುದಿಲ್ಲ. ಹಂಚುವ ಮೊದಲು ಅವುಗಳನ್ನು ಸಾಧಾರಣ ಗೆರೆಗಳಾಗಿ ರಫ್ತು ಮಾಡಿದ ಪ್ರತಿಯೊಂದನ್ನು ತಯಾರಿಸಿ, ಮೂಲವನ್ನು ಬೇರೆಯಾಗಿ ಕಾಪಾಡುವುದು ವಾಡಿಕೆ.

ನಕ್ಷೆಯು ಇತರ ನಕ್ಷೆಗಳನ್ನೂ ಚಿತ್ರಗಳನ್ನೂ ಹೊರಗಿನಿಂದ ಉಲ್ಲೇಖಿಸುತ್ತಿದ್ದರೆ ಅವೂ ಜೊತೆಗೆ ಹೋಗಬೇಕು. ಫಾಂಟ್‌ಗಳು ಮತ್ತು ಮುದ್ರಣದಲ್ಲಿ ಗೆರೆಗಳ ದಪ್ಪವನ್ನು ನಿರ್ಧರಿಸುವ ಕಡತಗಳಿಗೂ ಇದೇ ಮಾತು ಸಲ್ಲುತ್ತದೆ. ಇವೆಲ್ಲವನ್ನೂ ಒಂದೇ ಕಟ್ಟಾಗಿ ಕೂಡಿಸಿ, ಬೇಕಾದರೆ ಹಳೆಯ ಸ್ವರೂಪಕ್ಕೂ ಇಳಿಸಿಕೊಡುವ ಇ-ಟ್ರಾನ್ಸ್‌ಮಿಟ್ ಎಂಬ ಆದೇಶ ಆಟೋಕ್ಯಾಡ್‌ನಲ್ಲಿದೆ.

ಇತರ ತಂತ್ರಾಂಶಗಳು

ಡಿಡಬ್ಲ್ಯುಜಿಯ ವಿವರಗಳು ಪ್ರಕಟವಾಗದ ಕಾರಣ ಇತರರು ಕಡತಗಳನ್ನು ಪರಿಶೀಲಿಸಿಯೇ ಅದರ ರಚನೆಯನ್ನು ತಿಳಿದುಕೊಳ್ಳಬೇಕಾಯಿತು. ಈ ಉದ್ದೇಶಕ್ಕಾಗಿ 1998ರಲ್ಲಿ ಓಪನ್‌ಡಿಡಬ್ಲ್ಯುಜಿ ಅಲಯನ್ಸ್ ಸ್ಥಾಪನೆಯಾಯಿತು; ಅದು ಮುಂದೆ ಓಪನ್ ಡಿಸೈನ್ ಅಲಯನ್ಸ್ ಎಂದು ಹೆಸರು ಬದಲಿಸಿಕೊಂಡಿತು. ಆಟೋಕ್ಯಾಡ್ 2007ರ ಕಡತಗಳಲ್ಲಿ ಸೇರಿಸಲಾದ ಟ್ರಸ್ಟೆಡ್‌ಡಿಡಬ್ಲ್ಯುಜಿ ಎಂಬ ಗುರುತಿನ ವಿಷಯವಾಗಿ ಆಟೋಡೆಸ್ಕ್ 2006ರಲ್ಲಿ ಈ ಒಕ್ಕೂಟದ ಮೇಲೆ ದಾವೆ ಹೂಡಿತು. 2007ರಲ್ಲಿ ರಾಜಿಯಾಗಿ, ಒಕ್ಕೂಟವು ಆ ಗುರುತನ್ನು ತನ್ನ ತಂತ್ರಾಂಶದಿಂದ ತೆಗೆದುಹಾಕಲು ಒಪ್ಪಿತು. ಒಕ್ಕೂಟವು ತಾನು ಕಂಡುಕೊಂಡ ರಚನೆಯ ವಿವರಗಳನ್ನು ಪ್ರಕಟಿಸಿದೆ. ಗ್ನೂ ಯೋಜನೆಯ ಲಿಬ್ರೆಡಿಡಬ್ಲ್ಯುಜಿ ಇದೇ ಕೆಲಸವನ್ನು ಸ್ವತಂತ್ರ ತಂತ್ರಾಂಶವಾಗಿ ಮಾಡುತ್ತಿದೆ. ಫ್ರೀಕ್ಯಾಡ್ ತಂತ್ರಾಂಶವು ಡಿಡಬ್ಲ್ಯುಜಿ ಕಡತಗಳನ್ನು ತೆರೆಯಲು ಇಂತಹ ಪರಿವರ್ತಕಗಳ ನೆರವನ್ನು ಪಡೆಯುತ್ತದೆ. ಲಿಬ್ರೆಕ್ಯಾಡ್ ಮುಖ್ಯವಾಗಿ ಡಿಎಕ್ಸ್‌ಎಫ್ ಸ್ವರೂಪದಲ್ಲಿ ಕೆಲಸ ಮಾಡುತ್ತದೆ.