ಏನಿದು ಬೈಲಿ ಸೇತುವೆ? ವಯನಾಡಿನಲ್ಲಿ ಸೇನೆ ದಾರಿ ಮಾಡಿದ್ದು ಹೇಗೆ?

2024ರ ಜುಲೈ 30ರ ನಸುಕಿನಲ್ಲಿ ಕೇರಳದ ವಯನಾಡಿನಲ್ಲಿ ಗುಡ್ಡ ಕುಸಿದಾಗ ಚೂರಲ್‌ಮಲದಿಂದ ಮುಂಡಕ್ಕೈಗೆ ಹೋಗುವ ಸೇತುವೆ ಕೊಚ್ಚಿಹೋಯಿತು. ಹಗ್ಗ ಹಿಡಿದು ರಕ್ಷಣಾ ಸಿಬ್ಬಂದಿ ಹೊಳೆ ದಾಟಿದರು. ಆದರೆ ಭಾರಿ ಯಂತ್ರಗಳು, ಆಂಬುಲೆನ್ಸ್ ದಾಟುವಂತಿರಲಿಲ್ಲ. ಮಣ್ಣಿನಡಿ ಸಿಲುಕಿದವರಿಗೆ ಪ್ರತಿ ಗಂಟೆಯೂ ಮುಖ್ಯವಾಗಿತ್ತು.

ನೆರವಿಗೆ ಬಂದದ್ದು ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್. ಬಿಡಿಭಾಗಗಳು ದೆಹಲಿಯಿಂದ ವಿಮಾನದಲ್ಲಿ ಕಣ್ಣೂರಿಗೆ, ಅಲ್ಲಿಂದ ಲಾರಿಗಳಲ್ಲಿ ಬಂದವು. 190 ಅಡಿ ಉದ್ದದ, 24 ಟನ್ ಭಾರ ತಾಳುವ ಸೇತುವೆ ಆಗಸ್ಟ್ 1ರ ಸಂಜೆಗೇ ಸಿದ್ಧವಾಯಿತು.

ಇದರ ಗುಟ್ಟು ಸರಳ. ಎರಡನೇ ಮಹಾಯುದ್ಧದ ವೇಳೆ ಬ್ರಿಟನ್ನಿನ ಡೊನಾಲ್ಡ್ ಬೈಲಿ ರೂಪಿಸಿದ ಈ ವಿಧಾನದಲ್ಲಿ ಆರು ಜನ ಹೊರಬಲ್ಲ ಉಕ್ಕಿನ ಚೌಕಟ್ಟುಗಳನ್ನು ಪಿನ್ ಹಾಕಿ ಜೋಡಿಸಿ, ಒಂದೇ ದಡದಿಂದ ರೋಲರ್ ಮೇಲೆ ತಳ್ಳುತ್ತಾರೆ. ಕ್ರೇನ್ ಕಡ್ಡಾಯವಲ್ಲ. ಕಾಯಂ ಸೇತುವೆ ಆಗುವವರೆಗೆ ಇದನ್ನು ತೆಗೆಯುವುದಿಲ್ಲ ಎಂದು ಸೇನೆ ಆಗಲೇ ತಿಳಿಸಿತ್ತು.