ಮರ್ಸಿಡಿಸ್ ಕಾರನ್ನೇ ಪಲ್ಟಿ ಹೊಡೆಸಿದ ಪತ್ರಿಕೆ

(1/6)
ಹೊಸ ಕಾರು ಬಿಡುಗಡೆಯಾದ ದಿನವೇ ನಿಮ್ಮ ಫೋನಿಗೆ ಹತ್ತು ರಿವ್ಯೂ ಬಂದು ಬೀಳುತ್ತೆ. ಹತ್ತರಲ್ಲೂ ಅದೇ ಸನ್‌ರೂಫ್, ಅದೇ ಟಚ್ ಸ್ಕ್ರೀನ್, ಅದೇ ಹೊಗಳಿಕೆ. ಈ ರಿವ್ಯೂಗೆ ದುಡ್ಡು ಹಾಕಿದ್ದು ಯಾರು ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ? ಆ ಪ್ರಶ್ನೆ ಯಾಕೆ ಮುಖ್ಯ ಅನ್ನೋಕೆ 1997ರ ಈ ಕಥೆ ಓದಿ.

(2/6)
ಸ್ವೀಡನ್‌ನಲ್ಲಿ ಕಾಡಿನ ಮಧ್ಯೆ ಹೋಗೋ ರಸ್ತೆಗಳು ಜಾಸ್ತಿ. ನಮ್ಮಲ್ಲಿ ಹಸು, ನಾಯಿ ಅಡ್ಡ ಬಂದ ಹಾಗೆ ಅಲ್ಲಿ ಮೂಸ್ ಅಡ್ಡ ಬರುತ್ತೆ. ಜಿಂಕೆ ಜಾತಿಯಲ್ಲೇ ಅತಿ ದೊಡ್ಡ ಪ್ರಾಣಿ ಅದು. ಕಾಲು ಉದ್ದ ಇರೋದರಿಂದ ಕಾರು ಗುದ್ದಿದರೆ ಅದರ ಭಾರೀ ದೇಹ ನೇರ ಮುಂದಿನ ಗಾಜಿನ ಮೇಲೆ ಬೀಳುತ್ತೆ.

ಅದಕ್ಕೇ ಅಲ್ಲಿನ 'ಟೆಕ್ನಿಕೆನ್ಸ್ ವೆರ್ಲ್ಡ್' ಪತ್ರಿಕೆ ಕಾರುಗಳಿಗೆ ಒಂದು ಪರೀಕ್ಷೆ ಇಟ್ಟಿತ್ತು. ವೇಗದಲ್ಲಿ ಹೋಗ್ತಾ ಸ್ಟೀರಿಂಗ್ ಒಂದು ಕಡೆಗೆ ಸರ್ರನೆ ತಿರುಗಿಸಬೇಕು, ತಕ್ಷಣ ವಾಪಸ್ ತನ್ನ ಲೇನಿಗೆ ಬರಬೇಕು. ಬ್ರೇಕ್ ಒತ್ತೋ ಹಾಗಿಲ್ಲ.

(3/6)
1997ರ ಅಕ್ಟೋಬರ್ 21. ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಮರ್ಸಿಡಿಸ್ ಎ-ಕ್ಲಾಸ್ ಕಾರನ್ನು ಪತ್ರಕರ್ತ ರಾಬರ್ಟ್ ಕೊಲಿನ್ ಈ ಪರೀಕ್ಷೆಗೆ ಇಳಿಸಿದರು. ವೇಗ ಗಂಟೆಗೆ ಸುಮಾರು 60 ಕಿ.ಮೀ. ಅಷ್ಟೇ. ಕಾರು ಪಲ್ಟಿ!

ಕಂಪನಿ ಮೊದಲು ಒಪ್ಪಲೇ ಇಲ್ಲ. ಆಮೇಲೆ ಟೈರ್ ಬದಲಾಯಿಸ್ತೀವಿ ಅಂತು. ಅಷ್ಟರಲ್ಲಿ ಪೂರ್ವ ಜರ್ಮನಿಯ ಹಳೇ ಡಕೋಟಾ ಕಾರು ಟ್ರಾಬಂಟ್ ಇದೇ ಥರದ ಪರೀಕ್ಷೆಯಲ್ಲಿ ಬೀಳದೆ ಪಾಸಾಯ್ತು ಅನ್ನೋ ಸುದ್ದಿ ಬಂತು. ಮರ್ಸಿಡಿಸ್‌ನ ಮರ್ಯಾದೆ ಏನಾಗಿರಬೇಡ, ನೀವೇ ಊಹಿಸಿ.

(4/6)
ನವೆಂಬರ್‌ನಲ್ಲಿ ಕಂಪನಿ ಎ-ಕ್ಲಾಸ್ ಡೆಲಿವರಿಯನ್ನೇ ನಿಲ್ಲಿಸಿತು. ಸಸ್ಪೆನ್ಷನ್ ಬದಲಾಯಿಸಿ, ಪ್ರತಿ ಕಾರಿಗೂ ಇಎಸ್‌ಪಿ ಕೊಟ್ಟಿತು. ಖರ್ಚು ಸುಮಾರು 30 ಕೋಟಿ ಜರ್ಮನ್ ಮಾರ್ಕ್.

ಇಎಸ್‌ಪಿ ಅಂದ್ರೆ ಏನು? ಕಾರು ಜಾರೋಕೆ ಶುರು ಮಾಡಿದ್ರೆ ಸೆನ್ಸರ್ ಅದನ್ನು ಹಿಡಿದು, ಬೇಕಾದ ಒಂದು ಚಕ್ರಕ್ಕೆ ಮಾತ್ರ ತಾನೇ ಬ್ರೇಕ್ ಹಾಕಿ ದಾರಿಗೆ ತರುತ್ತೆ. 1995ರಲ್ಲೇ ಮರ್ಸಿಡಿಸ್‌ನ ದುಬಾರಿ ಎಸ್-ಕ್ಲಾಸ್‌ಗೆ ಇದು ಬಂದಿತ್ತು. ಅಂದ್ರೆ ತಂತ್ರಜ್ಞಾನ ಕೈಯಲ್ಲೇ ಇತ್ತು, ಚಿಕ್ಕ ಕಾರಿನವರಿಗೆ ಸಿಕ್ಕಿರಲಿಲ್ಲ ಅಷ್ಟೇ. 2014ರ ನವೆಂಬರ್ ಹೊತ್ತಿಗೆ ಯುರೋಪಿಯನ್ ಒಕ್ಕೂಟದಲ್ಲಿ ಎಲ್ಲಾ ಹೊಸ ಕಾರಿಗೂ ಇದು ಕಡ್ಡಾಯವಾಯ್ತು.

(5/6)
ಎಲ್ಲಾ ಕಂಪನಿಗಳೂ ಹೀಗೆ ತಿದ್ದಿಕೊಳ್ಳೋದಿಲ್ಲ. 2005ರಲ್ಲಿ ಅಮೆರಿಕದ 'ಲಾಸ್ ಏಂಜಲೀಸ್ ಟೈಮ್ಸ್'ನ ಡ್ಯಾನ್ ನೀಲ್, ಪಾಂಟಿಯಾಕ್ ಜಿ6 ಕಾರಿನ ನೆಪದಲ್ಲಿ ಜನರಲ್ ಮೋಟಾರ್ಸ್ ಆಡಳಿತವನ್ನೇ ತರಾಟೆಗೆ ತಗೊಂಡರು. ಅವರು ಹಿಂದಿನ ವರ್ಷವಷ್ಟೇ ಪುಲಿಟ್ಜರ್ ಪ್ರಶಸ್ತಿ ಗೆದ್ದವರು. ಬರಹದಲ್ಲಿ ತಪ್ಪುಗಳಿವೆ ಅಂತ ಹೇಳಿ ಕಂಪನಿ ಆ ಪತ್ರಿಕೆಗೆ ಜಾಹೀರಾತು ನಿಲ್ಲಿಸಿತು. ಕೆಲವು ತಿಂಗಳಾದ ಮೇಲೆ ಮತ್ತೆ ಶುರು ಮಾಡಿತು. ಅದು ದೊಡ್ಡ ಪತ್ರಿಕೆ, ತಡೆದುಕೊಂಡಿತು. ಜಾಹೀರಾತೇ ಜೀವವಾಗಿರೋ ಚಿಕ್ಕ ಪತ್ರಿಕೆ ಆಗಿದ್ರೆ?

(6/6)
ಬಿಕಾಂ ಫ್ರೆಂಡ್ಸ್, ಆಡಿಟಿಂಗ್ ಪೇಪರ್‌ನಲ್ಲಿ ಏನು ಓದ್ತೀವಿ? ಲೆಕ್ಕ ನೋಡೋನು ಸ್ವತಂತ್ರನಾಗಿರಬೇಕು ಅಂತ. ಕಾರು ನೋಡೋನಿಗೂ ಅದೇ ಮಾತು. ಅಮೆರಿಕದ 'ಕನ್ಸ್ಯೂಮರ್ ರಿಪೋರ್ಟ್ಸ್' ಪತ್ರಿಕೆ 1936ರಲ್ಲಿ ಶುರುವಾದದ್ದು. ಅದು ಜಾಹೀರಾತು ತಗೊಳ್ಳಲ್ಲ, ಪರೀಕ್ಷೆಗೆ ಬೇಕಾದ ಕಾರನ್ನು ಶೋರೂಮ್‌ನಲ್ಲಿ ಸ್ವಂತ ದುಡ್ಡಿಗೇ ಕೊಳ್ಳುತ್ತೆ.

ನಮ್ಮ ದೇಶದಲ್ಲೂ 2021ರಲ್ಲಿ ಜಾಹೀರಾತು ಉದ್ಯಮದ ಸ್ವನಿಯಂತ್ರಣ ಸಂಸ್ಥೆ ಎಎಸ್‌ಸಿಐ, ದುಡ್ಡು ತಗೊಂಡು ಹಾಕಿದ ಪೋಸ್ಟ್‌ಗೆ ಲೇಬಲ್ ಹಾಕಬೇಕು ಅಂತ ನಿಯಮ ಮಾಡಿದೆ.

ಮುಂದೆ ಮನೆಯಲ್ಲಿ ಕಾರಿನ ಮಾತು ಬಂದಾಗ ರಿವ್ಯೂ ತೋರಿಸೋದು ನೀವೇ ತಾನೇ? ಮೊದಲು ಆ ಲೇಬಲ್ ಇದೆಯಾ ನೋಡಿ. ಆಮೇಲೆ ಒಂದೇ ಒಂದು ಕೊರತೆಯನ್ನಾದ್ರೂ ಹೇಳಿದ್ದಾರಾ ನೋಡಿ. ಆ ಸೀಟಲ್ಲಿ ಕೂರೋದು ನಿಮ್ಮ ಅಪ್ಪ ಅಮ್ಮ.

ಸೇವ್ ಮಾಡ್ಕೊಳ್ಳಿ, ಕಾರು ತಗೊಳ್ಳೋ ಪ್ಲಾನ್‌ನಲ್ಲಿರೋ ಫ್ರೆಂಡ್‌ಗೆ ಕಳಿಸಿ.

#ಕಾರುಕಥೆ #ಇತಿಹಾಸ #ಕನ್ನಡ